ಕಾಕಾ ಚಾ ಒಲ್ಲೆ ಅಂದ್ರು

ನಮ್ಮ ಓಣಿಯ ತುರ್ತು ಚಿಕಿತ್ಸೆಯ ಯಂತ್ರಕ್ಕೆ ಎಲ್ಲರೂ ಡಬ್ಬಿ ಎನ್ನುತ್ತಾರೆ. ಅದಕ್ಕೆ ನಾಲ್ಕು ಕಾಲು, ಎರಡು ಕೈ, ವಿಪರೀತ ಮರ್ಯಾದೆ. ಯಾರಾದರೂ ಎದೆ ಹಿಡಿದುಕೊಂಡರೆ ಸಾಕು, ಓಡಿ ಬರುತ್ತದೆ. ಆದರೆ ಮೊದಲೆಲ್ಲ ಆರಾಮ ಎಂದವರನ್ನು ಮುಟ್ಟುತ್ತಿರಲಿಲ್ಲ. ಹಾಗೆ ಕಲಿಸಿದವಳು ಅದನ್ನು ವಿನ್ಯಾಸ ಮಾಡಿದ ಶಿವಲೀಲಾ. ಹೇಗಿದ್ದೀರಿ ಎಂದರೆ ಸಾಯುವಾಗಲೂ ಆರಾಮ ಎನ್ನುವ ಊರಿದು ಎಂಬುದು ಹುಬ್ಬಳ್ಳಿಯಲ್ಲೇ ಹುಟ್ಟಿ ಬೆಳೆದ ಅವಳಿಗೆ ಹೊಳೆದಿರಲಿಲ್ಲ.

ಒಂದು ಸಂಜೆ ಅವಳು ಚಾ ತಂದಾಗ ಪಕ್ಕದ ಮನೆಯ ರಾಚಪ್ಪ ಕಾಕಾ ಕಟ್ಟೆಯ ಮೇಲೆ ಬೆವರುತ್ತ ಕೂತಿದ್ದರು. ಎದುರಿಗೆ ಡಬ್ಬಿ.

"ಹೆಂಗದೀರಿ ಕಾಕಾ?" ಡಬ್ಬಿ ಕೇಳಿತು.

"ಆರಾಮ."

"ಛಲೋ ಆತು," ಎಂದು ಡಬ್ಬಿ ಕಾಲು ಮಡಚಿ ಕೂತಿತು.

ಶಿವಲೀಲಾ ಕಪ್ಪು ಚಾಚಿದಳು. "ಚಾ ತಗೋರಿ ಕಾಕಾ."

"ಒಲ್ಲೆವಾ."

ಕಪ್ಪು ಅವಳ ಕೈಯಿಂದ ಜಾರಿತು. ಕಾಕಾ ತಮ್ಮ ಮದುವೆಯ ಅಕ್ಷತೆ ನಿಲ್ಲಿಸಿ ಚಾ ಕುಡಿದವರು.

"ಏ ಡಬ್ಬಿ! ಕಾಕಾ ಚಾ ಒಲ್ಲೆ ಅಂದ್ರು! ಹಿಡಿ ಅವರನ್ನ!"

ಡಬ್ಬಿ ಹಾರಿ ಹಿಡಿಯಿತು, ಎದೆಗೆ ತಂತಿ ಅಂಟಿಸಿತು, ಆಂಬುಲೆನ್ಸ್ ಕರೆಸಿತು. ಕಾಕಾ ಉಳಿದರು.

ಅಂದಿನಿಂದ ಊರಿನ ಯಾವ ಡಬ್ಬಿಯೂ ಹೇಗಿದ್ದೀರಿ ಎಂದು ಕೇಳುವುದಿಲ್ಲ. ಚಾ ಕುಡೀತೀರೇನು ಎಂದು ಕೇಳುತ್ತದೆ. ಬೇಡ ಎಂದವರನ್ನು ಕೆಡವಿಕೊಂಡು ತಂತಿ ಅಂಟಿಸುತ್ತದೆ.

ತೊಂದರೆ ಒಂದೇ. ಡಾಕ್ಟರು ಕಾಕಾಗೆ ಚಾ ಬಿಡಿಸಿದ್ದಾರೆ. ಹಾಗಾಗಿ ಡಬ್ಬಿ ಬಂದಾಗಲೆಲ್ಲ ಅವರು ಖಾಲಿ ಕಪ್ಪನ್ನೇ ತುಟಿಗಿಟ್ಟು ಸೊರ್ರೆಂದು ಎಳೆಯುತ್ತಾರೆ.

"ಆರಾಮ ಅದೀರಿ ಬಿಡ್ರಿ," ಎನ್ನುತ್ತದೆ ಡಬ್ಬಿ.

ಕಾಕಾ ಬಾಯಿ ಒರೆಸಿಕೊಳ್ಳುತ್ತಾರೆ. "ಸಕ್ರಿ ಒಂಚೂರು ಕಮ್ಮಿ ಆಗೇತಿ."