ಕೆಂಡ ತರಲು ಹೋದ ಮಧ್ಯಾಹ್ನ

ಗೀರಿದ ಬೆಂಕಿಕಡ್ಡಿಯ ವಾಸನೆ ಮೂಗಿಗೆ ಬಡಿದರೆ ಈಗಲೂ ನನಗೆ ರಾಯಚೂರಿನ ಆ ಮೊದಲ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನಿಗೆ ಅಲ್ಲಿನ ಕಾಲೇಜಿನಲ್ಲಿ ಕೆಲಸ ಸಿಕ್ಕಿ, ನಾವು ನಮ್ಮ ಹಳ್ಳಿ ಜಾಲಹಳ್ಳಿ ಬಿಟ್ಟು ಬಂದಿದ್ದೆವು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಅವ್ವ ಒಲೆ ಹೂಡಿ, ಊರಿಂದ ತಂದ ಸಗಣಿಯ ಕುಳ್ಳೊಂದನ್ನು ನನ್ನ ಕೈಗಿಟ್ಟು, "ಬಾಜೂ ಮನ್ಯಾಗ ಕೆಂಡ ಇಸ್ಕೊಂಡು ಬಾ" ಅಂದಳು. ಊರಲ್ಲಿ ಹಾಗೇ. ಕೆಂಡಕ್ಕೆ ಹೋದವರು ಕಟ್ಟೆಯ ಮೇಲೆ ಕೂತು ಮಾತಾಡುತ್ತಾ, ಅದು ಬೂದಿಯಾದ ಮೇಲೆ ಮತ್ತೊಂದು ಕೇಳಿಕೊಂಡು ಬರುತ್ತಿದ್ದರು.

ಬಾಜೂ ಮನೆಯಾಕೆ ಕುಳ್ಳು ನೋಡಿ ನಕ್ಕಳು. ಕೆಟ್ಟ ನಗೆಯೇನಲ್ಲ. "ನಮ್ಮಲ್ಲಿ ಗ್ಯಾಸ್ ಅದವ್ವಾ, ಕೆಂಡ ಎಲ್ಲಿಂದ ತರ್ಲಿ?" ಎಂದು ಹೊಸ ಕಡ್ಡಿಪೆಟ್ಟಿಗೆಯೊಂದನ್ನು ಕೊಟ್ಟಳು. "ಇಟ್ಕೊಳ್ರಿ, ವಾಪಸ್ ಕೊಡಾಕ ಬರಾದು ಬ್ಯಾಡ."

ಬಾಗಿಲು ಮುಚ್ಚಿತು.

ಅಷ್ಟರಲ್ಲಿ ಅವ್ವ ಮುಖ ತೊಳೆದು, ಒಳ್ಳೆಯ ಸೀರೆ ಉಟ್ಟು, ಚಾಪೆ ಹಾಸಿಟ್ಟಿದ್ದಳು. "ಏನಂದ್ರು? ಬರ್ತಾರಂತೇನು?"

"ಇಲ್ಲ. ಇದನ್ನ ಕೊಟ್ರು."

ಅವಳು ಅದನ್ನು ಗೂಡಿನಲ್ಲಿಟ್ಟಳು. ಆಮೇಲೆ ಗಂಟು ಬಿಚ್ಚಿ, ನಮ್ಮದೇ ಕಡ್ಡಿಪೆಟ್ಟಿಗೆ ತೆಗೆದು ಕಡ್ಡಿ ಗೀರಿದಳು.

"ಯವ್ವಾ, ನಮ್ಮ ಹಂತ್ಯಾಕ ಕಡ್ಡಿಪೆಟ್ಟಿಗಿ ಇತ್ತಲ್ಲ!"

ಅವ್ವ ಹಾಸಿದ ಚಾಪೆಯನ್ನು ಸುತ್ತಿ ಗೋಡೆಗೆ ಆನಿಸಿದಳು.

"ನಾಳಿ ಹೆಪ್ಪಿಗೆ ಒಂಚೂರು ಮಸರು ಕೇಳಿ ನೋಡು."