ಕಾಕಾನ ಕಡ್ಡಿಪೆಟ್ಟಿಗೆ

ಇನ್ನು ಬೀಡಿ ಸೇದುವುದಿಲ್ಲವೆಂದು ಕಾಕಾ ಮಗಳಿಗೆ ಮಾತು ಕೊಟ್ಟು ಎಷ್ಟೋ ವರ್ಷಗಳಾಗಿದ್ದವು. ಆದರೂ ಅವನ ಜೇಬಿನಲ್ಲಿ ಕಡ್ಡಿಪೆಟ್ಟಿಗೆ ಗಲಗಲ ಅನ್ನುವುದನ್ನು ಜೊತೆಯ ಡ್ರೈವರ್ ದಾರಿಯುದ್ದಕ್ಕೂ ಕೇಳಿಸಿಕೊಂಡಿದ್ದ.

ಕಾಶ್ಮೀರದಿಂದ ಸೇಬು ಹೇರಿಕೊಂಡು ಹೊರಟ ಲಾರಿ ಘಾಟಿನ ಹಿಮದಲ್ಲಿ ಹೂತುಹೋಗಿತ್ತು. ಡೀಸೆಲ್ ಹೆಪ್ಪುಗಟ್ಟಿ, ಬ್ಯಾಟರಿಯೂ ಸತ್ತಿತ್ತು. ಸುತ್ತ ನರಪಿಳ್ಳೆಯೂ ಇರಲಿಲ್ಲ. ಡ್ರೈವರ್ ಸೇಬಿನ ಪೆಟ್ಟಿಗೆಗಳನ್ನೇ ಒಡೆದು ಸೌದೆ ಒಟ್ಟಿದ. ಅವನ ಬೆಂಕಿಕಡ್ಡಿಗಳೆಲ್ಲ ತೊಯ್ದುಹೋಗಿದ್ದವು.

"ಕಾಕಾ, ನಿಮ್ಮ ಕಡ್ಡಿಪೆಟ್ಟಿಗಿ ತೆಗೀರಿ. ಬೆಂಕಿ ಇಲ್ಲಂದ್ರ ನಾವು ಬೆಳಗ ಕಾಣಂಗಿಲ್ಲ."

"ಅದರಾಗ ಕಡ್ಡಿ ಇಲ್ಲೋ ತಮ್ಮಾ."

"ಸುಳ್ಳ ಹೇಳಬ್ಯಾಡ್ರಿ. ಮಗಳ ಮುಂದ ನಾ ಬಾಯಿ ಬಿಡಂಗಿಲ್ಲ."

ಮರಗಟ್ಟಿದ ಬೆರಳುಗಳಿಂದ ಅವನೇ ಅದನ್ನು ಕಿತ್ತುಕೊಂಡು ತೆರೆದ. ಒಳಗಿದ್ದದ್ದು, ಬೀಡಿ ನೆನಪಾದಾಗ ಅಗಿಯಲೆಂದು ಮಗಳು ತುಂಬಿಕೊಟ್ಟಿದ್ದ ಲವಂಗ.

ಕಾಕಾ ಮಾತು ಉಳಿಸಿಕೊಂಡಿದ್ದ.