ಬಾಗಿಲ ಹಸಿರು ಚಕ್ರ

"ತೆಗೆದುಬಿಡಮ್ಮ ಅದನ್ನ. ಹೋದ ತಿಂಗಳು ಇಂಥದ್ದೇ ಚಕ್ರ ನಿಮ್ಮ ಮಾವನ ಸಮಾಧಿ ಮೇಲೆ ಇಟ್ಟು ಬಂದಿದ್ದೀವಿ," ಎಂದರು ಅತ್ತೆ. ಕ್ರಿಸ್ಮಸ್‌ಗೆಂದು ಬಾಗಿಲಿಗೆ ಹಸಿರೆಲೆಯ ಚಕ್ರ ಕಟ್ಟುತ್ತಿದ್ದ ಸೊಸೆಯ ಕೈ ಅಲ್ಲೇ ನಿಂತಿತು.

ವಾದಕ್ಕೆ ನಿಲ್ಲದೆ ಅವಳು ಅದನ್ನು ಬಿಚ್ಚಿ, ಕುರ್ಚಿಯಲ್ಲಿ ಕೂತಿದ್ದ ಅತ್ತೆಯ ಮಡಿಲಲ್ಲಿಟ್ಟಳು. "ಇದು ಎಲ್ಲಿ ಮುಗಿಯುತ್ತೆ, ನೀವೇ ಹುಡುಕಿ ಅತ್ತೆ. ಯೇಸು ಕೊಡೋ ಬದುಕಿಗೂ ಹೀಗೇ ಕೊನೆ ಇಲ್ಲ ಅಂತ ಮಾವ ಪ್ರತಿವರ್ಷ ಹೇಳ್ಕೊಂಡೇ ಕಟ್ತಿದ್ರಲ್ಲ. ಚಳಿಗೆ ಬಾಡದ ಎಲೆನೇ ಬೇಕು ಅಂತ ಹಟ ಬೇರೆ."

ಅತ್ತೆಯ ಬೆರಳು ಎಲೆಗಳ ಮೇಲೆ ಒಂದು ಸುತ್ತು ಹೋಯಿತು, ಇನ್ನೊಂದು ಸುತ್ತು ಹೋಯಿತು. ಕೊನೆ ಸಿಗಲಿಲ್ಲ. ಗಂಡ ಹೋದಮೇಲೆ ಮೊದಲ ಸಲ ಅವರ ಮುಖದ ಬಿಗುವು ಸಡಿಲಿತು.

"ಅಷ್ಟು ಕೆಳಗೆ ಕಟ್ಟಿದ್ರೆ ಯಾರಿಗೆ ಕಾಣುತ್ತೆ? ಸ್ಟೂಲ್ ತಗೊಂಡು ಬಾ," ಎನ್ನುತ್ತಾ ಅತ್ತೆ ತಾವೇ ಎದ್ದರು.